ಒಂದೇ ಸಲ ಕೇಳಿದ ಸೊಸೆ

ಆ ಮನೆಯಲ್ಲಿ ಯಾರೂ ಮೊದಲ ಸಲಕ್ಕೆ ಹೂಂ ಅನ್ನುವುದಿಲ್ಲ. ಎರಡನೆಯ ಬಾರಿ ಅನ್ನ ಬಡಿಸಲು ಬಂದರೆ ತಟ್ಟೆಯ ಮೇಲೆ ಕೈ ಅಡ್ಡ ಬರುತ್ತದೆ. ಬಡಿಸುವವರು "ಸ್ವಲ್ಪ" ಅನ್ನಬೇಕು, ಕೈ ಹಾಗೇ ಇರುತ್ತದೆ. "ಒಂದೇ ಒಂದು ತುತ್ತು" ಅನ್ನಬೇಕು, ಆಗ ಕೈ ಸರಿಯುತ್ತದೆ. ತಟ್ಟೆಗೆ ಬೀಳುವುದು ಏನಿಲ್ಲವೆಂದರೂ ಆರು ತುತ್ತು. ಹೊಸ ಬಟ್ಟೆ ಕೊಡಿಸುವಾಗಲೂ ಇದೇ ಕಥೆ, ಡಾಕ್ಟರ ಹತ್ತಿರ ಕರೆದೊಯ್ಯುವಾಗಲೂ ಇದೇ ಕಥೆ. ಮಾವ ಒಮ್ಮೆ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಾಗ, ಆಂಬುಲೆನ್ಸ್ ಯಾಕೆ, ನಡೆದೇ ಹೋಗ್ತೀನಿ ಎಂದು ನೆಲದ ಮೇಲೆ ಮಲಗಿಕೊಂಡೇ ಎರಡು ಸಲ ಹೇಳಿದ್ದರಂತೆ. ಇದನ್ನು ಅಲ್ಲಿ ಯಾರೂ ಯಾರಿಗೂ ಕಲಿಸಿದ್ದಲ್ಲ. ಕಲಿಸಿದ್ದರೆ ಹೊಸದಾಗಿ ಬಂದ ಸೊಸೆಗೂ ಒಂದು ಮಾತು ಹೇಳುತ್ತಿದ್ದರೇನೋ.

ಸೊಸೆ ಬಂದು ಏಳು ತಿಂಗಳಾಗಿತ್ತು. ಊಟದ ಹೊತ್ತಿನ ಈ ನಾಟಕವನ್ನು ಅವಳು ನೋಡಿದ್ದಳು, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೂ ಇದ್ದಳು. ಆದರೆ ಅದೆಲ್ಲ ಅನ್ನಕ್ಕೆ ಮಾತ್ರ ಅಂದುಕೊಂಡಿದ್ದಳು. ಅವಳದು ಹಲ್ಲಿನ ಆಸ್ಪತ್ರೆಯೊಂದರಲ್ಲಿ ಮುಂಬಾಗಿಲ ಮೇಜಿನ ಕೆಲಸ. ದಿನಕ್ಕೆ ಐವತ್ತು ಅರವತ್ತು ಜನಕ್ಕೆ ಫೋನ್ ಮಾಡಿ, ಮಂಗಳವಾರ ಹನ್ನೊಂದಕ್ಕೆ ಬರುತ್ತೀರಾ ಎಂದು ಕೇಳಬೇಕು. ಬರುತ್ತೇನೆ ಅಂದರೆ ಹೆಸರು ಬರೆಯಬೇಕು, ಇಲ್ಲ ಅಂದರೆ ಆ ಹೊತ್ತನ್ನು ಮುಂದಿನವರಿಗೆ ಕೊಡಬೇಕು. ಪ್ರತಿಯೊಬ್ಬರನ್ನೂ ಎರಡೆರಡು ಸಲ ಓಲೈಸುತ್ತ ಕೂತರೆ ಹಲ್ಲುನೋವಿನವರು ಕೆನ್ನೆ ಹಿಡಿದುಕೊಂಡು ಬಾಗಿಲಲ್ಲೇ ಕೂರುತ್ತಾರೆ. ಒಂದು ಪ್ರಶ್ನೆ, ಒಂದು ಉತ್ತರ. ಅವಳಿಗೆ ಅದು ಅಭ್ಯಾಸವಾಗಿಹೋಗಿತ್ತು.

ಗ್ರಹಣದ ಸುದ್ದಿ ತಂದವನು ಅವಳ ಗಂಡ. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವನಿಗೆ ಊರಿನ ಸುದ್ದಿಯೆಲ್ಲ ಪುಕ್ಕಟೆ ಸಿಗುತ್ತದೆ. ಮುಂದಿನ ತಿಂಗಳು ಹದಿನಾಲ್ಕಕ್ಕೆ ಪೂರ್ಣ ಸೂರ್ಯಗ್ರಹಣವಂತೆ. ಇವರ ಊರಿನಲ್ಲಿ ಸೂರ್ಯ ಪೂರ್ತಿ ಮುಚ್ಚುವುದಿಲ್ಲ, ಒಂದು ಚೂರು ಉಳಿದುಬಿಡುತ್ತದೆ. ನಾಲ್ಕು ಗಂಟೆ ದಾರಿಯ ಸರೋವರದ ಊರಿನಲ್ಲಿ ಮಾತ್ರ ಮಧ್ಯಾಹ್ನ ಒಂದು ಹನ್ನೆರಡಕ್ಕೆ ಪೂರ್ತಿ ಮುಚ್ಚಿ, ಎರಡೂ ಮುಕ್ಕಾಲು ನಿಮಿಷ ಹಗಲಲ್ಲೇ ಕತ್ತಲು. ಆ ಊರು ಮೊದಲೇ ಪ್ರವಾಸಿಗಳಿಂದ ಗಿಜಿಗುಡುವ ಜಾಗ. ಈಗ ಕೇಳಬೇಕೇ? ಲಾಡ್ಜುಗಳೆಲ್ಲ ಒಂದು ವರ್ಷದ ಹಿಂದೆಯೇ ಭರ್ತಿ. ಜನ ಮನೆಯ ತಾರಸಿಯನ್ನು ಬಾಡಿಗೆಗೆ ಕೊಡುತ್ತಿದ್ದರು, ಕಾರಿನ ಶೆಡ್ಡಿಗೆ ಚಾಪೆ ಹಾಸಿ ಬಾಡಿಗೆಗೆ ಕೊಡುತ್ತಿದ್ದರು. ಉಳಿದ ದಾರಿ ಒಂದೇ, ಬೆಳಿಗ್ಗೆ ಆರಕ್ಕೆ ಹೊರಟು ಸಂಜೆ ವಾಪಸ್ಸು ಬರುವ ಸ್ಪೆಷಲ್ ಬಸ್ಸು.

"ಹಾಗಾದ್ರೆ ಯಾರ್ಯಾರು ಬರ್ತೀರಿ, ಹೇಳಿ. ನಾಳೆ ಆಸ್ಪತ್ರೇಲಿ ಊಟದ ಬಿಡುವಿನಲ್ಲಿ ಬುಕ್ ಮಾಡ್ತೀನಿ" ಅಂದಳು ಸೊಸೆ, ಪೆನ್ನು ತೆಗೆದು.

ಎಲ್ಲರೂ ಊಟಕ್ಕೆ ಕೂತಿದ್ದರು. ಮಾವ ತಕ್ಕಡಿ ರಿಪೇರಿಯವರು. ಯಾವ ಮಾತನ್ನೂ ಅಳೆದೂ ತೂಗಿಯೇ ಆಡುವ ಮನುಷ್ಯ. ತಮ್ಮ ಮಂಡಿಯ ವಿಷಯ ತೆಗೆದರು, ಅಂಗಡಿಯ ವಿಷಯ ತೆಗೆದರು. ಮಗ ಬನ್ನಿ ಅಪ್ಪ ಅಂದ, ಮಗಳು ಬನ್ನಿ ಅಂದಳು, ಅತ್ತೆಯೂ ಹೋಗಿ ಬನ್ನಿ ಅಂದರು. ಇಷ್ಟು ಹೇಳ್ತೀರಲ್ಲ ಎಂದು ಮಾವ ಒಪ್ಪಿದರು. ಮಗ ರಜೆ ಸಿಗೋದು ಕಷ್ಟ ಅಂದ. ಅವನನ್ನೂ ಮೂವರು ಒಪ್ಪಿಸಿದರು. ಕಿರಿಮಗಳಿಗೆ ಮನೆಯಲ್ಲಿ ರೇಡಿಯೋ ಎಂದು ಹೆಸರು, ಬೆಳಿಗ್ಗೆ ಶುರುವಾದರೆ ನಿಲ್ಲಿಸಲು ಗುಂಡಿಯಿಲ್ಲ. ನರ್ಸಿಂಗ್ ಓದುತ್ತಿದ್ದ ಅವಳೂ ಪರೀಕ್ಷೆ ಇದೆ ಎಂದು ರಾಗ ಎಳೆದು, ಎರಡು ಸಲ ಕರೆಸಿಕೊಂಡು, ಹೂಂ ಅಂದಳು.

"ಅತ್ತೆ, ನೀವು?"

"ನನಗ್ಯಾಕೆ ಗ್ರಹಣ? ಇಸ್ಕೂಲಲ್ಲಿ ಸಾವಿರ ಸಲ ನೋಡಿದೀನಿ. ನೀವು ಹೋಗ್ಬನ್ನಿ."

ಅಷ್ಟರಲ್ಲಿ ಹಿತ್ತಲಿನ ನಲ್ಲಿ ಗೊರ್ ಎಂದಿತು. ಮೂರು ದಿನದಿಂದ ಬಾರದ ನೀರು. ಎಲ್ಲರೂ ಎಂಜಲು ಕೈಯಲ್ಲೇ ಎದ್ದು ಬಕೆಟ್ಟು, ಕೊಡ, ಪಾತ್ರೆ ಎಂದು ಓಡಿದರು. ಅತ್ತೆ ಎಲ್ಲರಿಗಿಂತ ಮುಂದೆ ಓಡಿದರು. ಮುಕ್ಕಾಲು ಗಂಟೆ ನೀರು ತುಂಬಿಸಿ ಸುಸ್ತಾಗಿ ಬಂದಾಗ ಯಾರಿಗೂ ಗ್ರಹಣ ನೆನಪಿರಲಿಲ್ಲ. ಅತ್ತೆಯನ್ನು ಎರಡನೆಯ ಸಲ, ಮೂರನೆಯ ಸಲ ಯಾರಾದರೂ ಕೇಳಿಯೇ ಕೇಳುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡರು. ಸೊಸೆ ಚೀಟಿಯಲ್ಲಿ ನಾಲ್ಕು ಎಂದು ಬರೆದಿಟ್ಟಳು.

ಅತ್ತೆಗೆ ಹೋಗಬೇಕಿತ್ತು. ಉಳಿದ ನಾಲ್ವರ ಆಸೆಯನ್ನು ಒಟ್ಟು ಸೇರಿಸಿದರೂ ಅವರ ಆಸೆಯ ಅರ್ಧಕ್ಕೆ ಬರುತ್ತಿರಲಿಲ್ಲ.

ಮರುದಿನ ಬಸ್ಸಿನಲ್ಲಿ ಒಂಬತ್ತು ಸೀಟು ಖಾಲಿ ಇದ್ದವು. ಸೊಸೆ ನಾಲ್ಕು ಹಿಡಿದಳು. ಆಸ್ಪತ್ರೆಯ ಪ್ರಿಂಟರಿನಲ್ಲಿ ಟಿಕೆಟ್ ತೆಗೆದು, ಮಡಿಚಿ, ಚೀಲದಲ್ಲಿಟ್ಟುಕೊಂಡಳು. ಮದುವೆಯಾಗಿ ಬಂದ ಮೇಲೆ ಈ ಮನೆಗಾಗಿ ತಾನೊಬ್ಬಳೇ ಮುಗಿಸಿದ ಮೊದಲ ಕೆಲಸ ಅದು ಎಂಬ ಹೆಮ್ಮೆಯೂ ಇತ್ತು. ಎರಡು ದಿನ ಕಳೆದು ಊಟದ ಹೊತ್ತಿನಲ್ಲಿ ಟಿಕೆಟ್ಟನ್ನು ಮಾವನ ಕೈಗೆ ಕೊಟ್ಟಳು. ಮಾವ ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. ಹಾಳೆಯ ಹಿಂದೆ ಇನ್ನೇನಾದರೂ ಇದೆಯೋ ಎಂದು ತಿರುಗಿಸಿ ನೋಡಿದರು.

"ನಾಲ್ಕೇ ಇದೆಯಲ್ಲಮ್ಮಾ?"

"ಹೌದು ಮಾವ, ನೀವು, ಇವರು, ರೇಡಿಯೋ, ನಾನು."

ರೇಡಿಯೋ ಬಂದ್ ಆಯಿತು. ಮಗ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಆ ಕಡೆಯಿಂದ ಈ ಕಡೆಗೆ ತಳ್ಳಿದ. ಅತ್ತೆ ಮಾತ್ರ ನಗುತ್ತಲೇ ಇದ್ದರು. "ಒಳ್ಳೇದೇ ಆಯ್ತು. ಮನೆಗೊಬ್ಬರು ಬೇಕಲ್ಲ" ಎಂದು ತುಂಬಿದ್ದ ನೀರಿನ ಜಗ್ಗನ್ನೇ ಎತ್ತಿಕೊಂಡು ನೀರು ತರಲು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ.

ಅಡುಗೆಮನೆಯ ಬಚ್ಚಲಲ್ಲಿ ಪಾತ್ರೆ ತೊಳೆಯುವಾಗ ರೇಡಿಯೋ ಅತ್ತಿಗೆಯ ಪಕ್ಕ ಬಂದು ನಿಂತಳು. ಅವಳು ಪಿಸುಗುಟ್ಟಿದ್ದನ್ನು ಸೊಸೆ ಅದೇ ಮೊದಲು ನೋಡಿದ್ದು.

"ಅತ್ತಿಗೆ, ಅಮ್ಮನ್ನ ಎಷ್ಟು ಸಲ ಕೇಳಿದ್ರಿ?"

"ಎಷ್ಟು ಸಲ ಅಂದ್ರೆ? ಕೇಳ್ದೆ. ಬೇಡ ಅಂದ್ರು."

"ಒಂದೇ ಸಲ?"

"ಒಬ್ಬ ಮನುಷ್ಯನ್ನ ಎಷ್ಟು ಸಲ ಕೇಳ್ತಾರೆ ರೇಡಿಯೋ?"

ರೇಡಿಯೋ ಹಣೆ ಹಣೆ ಚಚ್ಚಿಕೊಂಡು ಎಲ್ಲವನ್ನೂ ಹೇಳಿದಳು. ಅತ್ತೆ ಹೆಣ್ಣುಮಕ್ಕಳ ಶಾಲೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಅಟೆಂಡರಾಗಿದ್ದವರು. ಗ್ರಹಣದ ಪಾಠ ಬಂದಾಗ ಟೀಚರು ದೀಪ ಹಚ್ಚುತ್ತಿದ್ದರು, ಒಬ್ಬ ಹುಡುಗಿ ಭೂಗೋಳ ಹಿಡಿಯುತ್ತಿದ್ದಳು, ಅತ್ತೆ ತಂತಿಗೆ ಸಿಕ್ಕಿಸಿದ ಚೆಂಡನ್ನು ಹಿಡಿದು ನಡುವೆ ನಿಲ್ಲುತ್ತಿದ್ದರು. ಮೂವತ್ತೊಂದು ವರ್ಷ ಆ ಶಾಲೆಯ ಚಂದ್ರನನ್ನು ಹಿಡಿದವರು ಅವರೇ. ಟೀಚರುಗಳು ಬದಲಾದರು, ದೀಪ ಬದಲಾಯಿತು, ಚಂದ್ರ ಅವರ ಕೈಯಲ್ಲೇ ಇತ್ತು. ಕ್ಲಾಸಿನಲ್ಲಿ ಒಂದು ಮಾತೂ ಆಡುವಂತಿರಲಿಲ್ಲ. ಮೇಲೆ, ಕೆಳಗೆ, ಸ್ವಲ್ಪ ಎಡಕ್ಕೆ ಎಂದಲ್ಲಿಗೆ ಕೈ ಸರಿಸಬೇಕು, ಅಷ್ಟೇ. ನಿವೃತ್ತಿಗೆ ಎರಡು ವರ್ಷ ಇರುವಾಗ ನಿಜವಾದ ಗ್ರಹಣವೇ ಬಂತು. ಅರ್ಧ ಗ್ರಹಣ, ಆದರೂ ಗ್ರಹಣ. ಇಡೀ ಶಾಲೆ ಕಾಗದದ ಕನ್ನಡಕ ಹಾಕಿಕೊಂಡು ತಾರಸಿ ಹತ್ತಿತು. ಅತ್ತೆಗೆ, ಪ್ರಯೋಗಾಲಯದ ಬಾಗಿಲು ತೆರೆದಿದೆ, ನೀವು ಇಲ್ಲೇ ಇರಿ ಎಂದು ಹೇಳಿ ಹೋದರು. ಒಂದು ಗಂಟೆ ಅವರು ಸ್ಟೂಲಿನ ಮೇಲೆ ಕೂತು ಕಿಟಕಿಯ ಬೆಳಕು ಮಂಕಾಗುವುದನ್ನು ನೋಡಿದರು. ಮನೆಗೆ ಬಂದು, ಮೋಡ ಇತ್ತು, ಏನೂ ಕಾಣಲಿಲ್ಲ ಅಂದರು. ನಿಜ ಸಂಗತಿ ಗೊತ್ತಾದದ್ದು ವರ್ಷದ ಮೇಲೆ, ಅದೇ ಶಾಲೆಯಲ್ಲಿದ್ದ ರೇಡಿಯೋಳ ಗೆಳತಿಯಿಂದ.

"ಬರ್ತೀರಾ ಅಂತ ಅಲ್ಲಿ ಯಾರೂ ಕೇಳ್ಲಿಲ್ಲ ಅತ್ತಿಗೆ. ಅದೇ ಅಮ್ಮಂಗೆ ಇರೋ ಕೊರಗು."

ಸೊಸೆಯ ಕೈಯಲ್ಲಿದ್ದ ಲೋಟ ಹಾಗೇ ಉಳಿಯಿತು. ಅವಳಿಗೆ ತನ್ನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಈ ಮನೆಯ ಮೇಲೆ ಬಂತು. ಒಂದು ಹೂಂ ಅನ್ನಲು ಇಷ್ಟು ಸುತ್ತು ಬಳಸುವವರ ಜೊತೆ ಬದುಕುವುದು ಹೇಗೆ ಎಂದು ದಿಗಿಲೂ ಆಯಿತು. ನನ್ನನ್ನು ಕೇಳಿದರೆ, ಅವಳ ಸಿಟ್ಟು ನ್ಯಾಯವಾದದ್ದೇ. ಆದರೆ ನ್ಯಾಯದಿಂದ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ. ಅಷ್ಟು ಹೊತ್ತಿಗೆ ಉಳಿದ ಐದೂ ಹೋಗಿದ್ದವು.

ಮರುದಿನ ಬೆಳಿಗ್ಗೆ ಅತ್ತೆ ಬಟ್ಟೆ ಹರವುತ್ತಿದ್ದಾಗ ಸೊಸೆ ಹೋಗಿ, ನನ್ನ ಸೀಟಲ್ಲಿ ನೀವು ಹೋಗಿ ಅತ್ತೆ, ಅಂದಳು. ಬೇಡ ಅಂದರು. ಈಗ ನಿಯಮ ಗೊತ್ತಿದೆಯಲ್ಲ ಎಂದು ಮತ್ತೆ ಕೇಳಿದಳು. ಬೇಡ ಅಂದರು. ಮೂರನೆಯ ಸಲ ಕೇಳಿ, ಉತ್ತರಕ್ಕೆ ಕಾದು ನಿಂತಳು. ಅತ್ತೆ ಒದ್ದೆ ಟವೆಲನ್ನು ಜಾಡಿಸಿದ ರಭಸಕ್ಕೆ ಸೊಸೆಯ ಮುಖಕ್ಕೆ ನೀರು ಸಿಡಿಯಿತು.

"ಯಾರೋ ಹೇಳಿಕೊಟ್ಟು ಕೇಳಿಸಿದ ಹಾಗಿದೆ. ನನಗೆ ಬೇಡ ಕಣಮ್ಮ."

ಆಮೇಲೆ ಶುರುವಾಯಿತು ನೋಡಿ ಕಲಸುಮೇಲೋಗರ. ಆ ಬೇಡ ನಿಜವಾದ ಬೇಡವೋ, ಇನ್ನೂ ಮೂರು ಸಲ ಕೇಳಬೇಕಾದ ಬೇಡವೋ, ಸೊಸೆಗೆ ತಿಳಿಯಲಿಲ್ಲ. ಗಂಡನನ್ನು ಕೇಳಿದಳು. ಅಮ್ಮ ಮುಖ ನೋಡಿ ಹೇಳಿದರೋ, ಬೇರೆ ಕಡೆ ನೋಡಿ ಹೇಳಿದರೋ ಎಂದು ಅವನು ವಿಚಾರಿಸಿದ. ಟವೆಲ್ ನೋಡಿ ಹೇಳಿದರು ಅಂದಳು. ಅವನು ತಲೆ ಕೆರೆದುಕೊಂಡು, ಅದು ಹೊಸದು, ಗೊತ್ತಿಲ್ಲ ಅಂದ. ಸೊಸೆ ಅತ್ತೆಯನ್ನು ತರಕಾರಿ ಹೆಚ್ಚುವಾಗ ಕೇಳಿದಳು, ಹಾಸಿಗೆ ಬಿಸಿಲಿಗೆ ಹಾಕುವಾಗ ಕೇಳಿದಳು. ಎಷ್ಟನೆಯ ಸಲ ಎಂಬ ಎಣಿಕೆಯೇ ತಪ್ಪಿಹೋಯಿತು. ಕೇಳಿದಷ್ಟೂ ಅತ್ತೆ ಬಿಗಿಯಾದರು. ಮನೆಯಲ್ಲಿ ಅವರ ಕೆಲಸ ಹೆಚ್ಚಾಯಿತು. ಯಾರೂ ಹೇಳದಿದ್ದರೂ ಪರದೆಗಳನ್ನು ಒಗೆದರು, ಡಬ್ಬಗಳನ್ನೆಲ್ಲ ಕೆಳಗಿಳಿಸಿ ತಿಕ್ಕಿದರು. ಊಟಕ್ಕೆ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಇಲ್ಲವೇ ಇಲ್ಲ. ಯಾರೂ ತುಟಿಪಿಟಕ್ಕೆನ್ನದೆ ಉಂಡರು.

ಎರಡನೆಯ ವಾರ ಮಾವ ಊಟದ ನಡುವೆ ತಮ್ಮ ಮಂಡಿಯನ್ನು ಸವರಿಕೊಂಡು, ನಾನು ಬರಲಾರೆನೇನೋ ಅಂದರು. ಹಾಗೆಂದರೆ ಹೋಗಲು ಇಷ್ಟವಿದೆ, ಕರೆಯಿರಿ ಎಂದು ಅರ್ಥ ಮಾಡಿಕೊಂಡ ಸೊಸೆ, ಬನ್ನಿ ಮಾವ, ಬನ್ನಿ, ಬನ್ನಿ ಎಂದು ಒಂದೇ ಉಸಿರಿನಲ್ಲಿ ಮೂರು ಸಲ ಕರೆದು ಮುಗಿಸಿದಳು. ಮಾವ ಬೆಪ್ಪಾಗಿ ನೋಡಿದರು. ಈ ಸಲ ಅವರಿಗೆ ನಿಜವಾಗಿಯೂ ಸೀಟನ್ನು ಹೆಂಡತಿಗೆ ಬಿಟ್ಟುಕೊಡಬೇಕಿತ್ತು. ಮಗನೂ ಎರಡು ದಿನ ಬಿಟ್ಟು ರಜೆಯ ಕಷ್ಟ ಹೇಳಿಕೊಂಡ. ರೇಡಿಯೋ ಪರೀಕ್ಷೆಯ ಪುಸ್ತಕವನ್ನು ಊಟದ ಮೇಜಿಗೇ ತಂದಿಟ್ಟು ದೊಡ್ಡದಾಗಿ ಓದತೊಡಗಿದಳು. ಅವಳು ಹೀಗೆ ಓದಿದ್ದನ್ನು ಹೆತ್ತವರೂ ಕಂಡಿರಲಿಲ್ಲ. ನಾಲ್ಕು ಸೀಟಿಗೆ ಐವರು ಬೇಡ ಅನ್ನುವ ಸ್ಥಿತಿ ಬಂತು. ಅಷ್ಟು ದೂರ ಹೋಗಲು ಜಗತ್ತೆಲ್ಲ ಬಡಿದಾಡುತ್ತಿದ್ದಾಗ ಆ ಮನೆಯಲ್ಲಿ ಹೋಗುವವರೇ ಇರಲಿಲ್ಲ.

ಗ್ರಹಣಕ್ಕೆ ಐದು ದಿನವಿತ್ತು. ಸೊಸೆ ಆಸ್ಪತ್ರೆಯಲ್ಲಿ ಒಬ್ಬರ ದವಡೆಯ ಚಿತ್ರವನ್ನು ಲಕೋಟೆಗೆ ಹಾಕುತ್ತಿದ್ದಾಗ ಫೋನಿಗೆ ಸಂದೇಶ ಬಂತು. ನಿಮ್ಮ ಒಂದು ಸೀಟು ರದ್ದಾಗಿದೆ. ಬಸ್ಸಿನ ಆಫೀಸಿಗೆ ಫೋನ್ ಹಚ್ಚಿದರೆ ಸಂಗೀತ ಕೇಳಿಸಿದರು. ಸಂಗೀತ ಮುಗಿಯುವ ಮೊದಲೇ ಇನ್ನೊಂದು ಸಂದೇಶ. ಇನ್ನೊಂದು ಸೀಟು ರದ್ದು. ಯಾರೋ ಮೋಸಗಾರರು ಟಿಕೆಟ್ ಕದಿಯುತ್ತಿದ್ದಾರೆ ಎಂದುಕೊಂಡು ಸಂಜೆ ಮನೆಗೆ ಓಡಿ ಬಂದು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ವಿಷಯ ಹೇಳಿದಳು.

ಮಾವ ಮಗನನ್ನು ನೋಡಿದರು. ಮಗ ಗೋಡೆಯನ್ನು ನೋಡಿದ.

ಆದದ್ದು ಇಷ್ಟು. ಮಾವ ಟಿಕೆಟ್ ಹಾಳೆ ಹಿಡಿದು ಬಸ್ಸಿನ ಆಫೀಸಿಗೆ ಹೋಗಿ, ನನ್ನ ಹೆಸರು ತೆಗೆದು ನನ್ನ ಹೆಂಡತಿಯ ಹೆಸರು ಹಾಕಿ ಅಂದಿದ್ದಾರೆ. ಹೆಸರು ಬದಲಿಸಲು ಬರುವುದಿಲ್ಲ, ರದ್ದು ಮಾಡಿ ಹೊಸದಾಗಿ ತಗೋಬೇಕು ಅಂದಿದ್ದಾನೆ ಅಲ್ಲಿನ ಗುಮಾಸ್ತ. ಹಾಗೇ ಮಾಡಿ ಅಂದರು. ಅವನು ರದ್ದು ಮಾಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಆ ಸೀಟು ಎಲ್ಲಿಯೋ ಕಾದು ಕೂತಿದ್ದ ಯಾರದ್ದೋ ಪಾಲಾಯಿತು. ಮಗ ಅದೇ ಮಧ್ಯಾಹ್ನ ಔಷಧಿ ಅಂಗಡಿಯಲ್ಲಿ ನಿಂತು ಫೋನಿನಲ್ಲಿ ಅದೇ ಕೆಲಸ ಮಾಡಿದ, ಅದೇ ಗತಿಯಾಯಿತು. ಈ ಮನೆಯವರು ಒಬ್ಬರಿಗೊಬ್ಬರು ಒಳ್ಳೆಯದು ಮಾಡುವುದು ಕದ್ದುಮುಚ್ಚಿಯೇ. ಹೇಳಿ ಮಾಡಿದರೆ ಬೇಡ ಬೇಡ ಎಂಬ ಮೆರವಣಿಗೆ ಶುರುವಾಗುತ್ತದಲ್ಲ. ಮಾವ ಆಫೀಸಿನ ಮೆಟ್ಟಿಲಿಳಿಯುವಾಗ ಗುಮಾಸ್ತ ಹಿಂದಿನಿಂದ ಇನ್ನೊಂದು ಮಾತು ಹೇಳಿದನಂತೆ. ಬಸ್ಸಿನಲ್ಲಿ ಹೆಸರು ಯಾರು ನೋಡುತ್ತಾರೆ ಯಜಮಾನರೇ, ಸೀಟಿನ ನಂಬರ್ ಇದ್ದರೆ ಸಾಕು, ಹಾಗೇ ಕಳಿಸಬಹುದಿತ್ತಲ್ಲ.

"ಅಂದ್ರೆ ಈಗ ಉಳಿದಿರೋದು ಎರಡು" ಅಂದಳು ಸೊಸೆ.

ಅವತ್ತಿನ ಊಟ ಊಟವಾಗಿರಲಿಲ್ಲ. ಬಡಿಸಿದ ಅನ್ನ ತಣ್ಣಗಾಯಿತು. ಮಗ ಅಪ್ಪನಿಗೆ, ಒಂದು ಮಾತು ಹೇಳೋಕೇನಾಗಿತ್ತು ಅಂದ. ಅಪ್ಪ ಮಗನಿಗೆ, ನಿನಗೇನಾಗಿತ್ತು ಅಂದರು. ಉಳಿದ ಎರಡರಲ್ಲಿ ನೀವಿಬ್ಬರೂ ಹೋಗಿ ಎಂದು ರೇಡಿಯೋ ಅಪ್ಪ ಅಮ್ಮನಿಗೆ ಹೇಳಿದಳು. ಮಾವ, ಹುಡುಗೀರು ನೀವು ಹೋಗಿ ಅಂದರು. ಮಗ, ಅಮ್ಮನೂ ರೇಡಿಯೋನೂ ಹೋಗಲಿ ಅಂದ. ಯಾರು ಏನು ಹೇಳಿದರೂ ಉಳಿದವರು ಬೇಡ ಅಂದರು. ಮಾತು ಮೇಜಿನ ಸುತ್ತ ತಿರುಗಿ ತಿರುಗಿ ಅಲ್ಲಿಗೇ ಬಂತು. ಕೊನೆಗೆ ಮಾವ, ಹಾಗಾದರೆ ಎರಡನ್ನೂ ರದ್ದು ಮಾಡಿಬಿಡೋಣ, ಯಾರಿಗೂ ಬೇಜಾರಿರಲ್ಲ ಅಂದರು. ಮಗ ತಲೆಯಾಡಿಸಿದ. ಸೊಸೆಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ನನಗೆ ಹೋಗ್ಬೇಕು."

ಅತ್ತೆ ಹೇಳಿದ್ದು. ಜೋರಾಗಿ ಹೇಳಿರಲಿಲ್ಲ. ಆದರೂ ಎಲ್ಲರೂ ಅವರತ್ತ ತಿರುಗಿದರು.

"ಮೊದಲನೇ ದಿನಾನೂ ಹೋಗ್ಬೇಕಿತ್ತು, ಇವತ್ತೂ ಹೋಗ್ಬೇಕು. ನನಗೋಸ್ಕರ ಯಾರೂ ಬಿಟ್ಟುಕೊಡ್ಬೇಡಿ. ಎರಡು ಸೀಟಿದೆ, ಒಂದ್ರಲ್ಲಿ ನಾನು ಹೋಗ್ತೀನಿ."

"ಮತ್ತೆ ಬೇಡ ಅಂತ ಯಾಕಂದೆ?" ಅಂದರು ಮಾವ.

"ನೀವೂ ಅಂದ್ರಲ್ಲ. ನಿಮ್ಮನ್ನ ಮೂರು ಜನ ಕರೆದ್ರು. ನನ್ನನ್ನ ಕರೆಯೋ ಹೊತ್ತಿಗೆ ನೀರು ಬಂತು."

ನಲವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿ ಇಂಥದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದನ್ನು ಮಾವ ಕೇಳಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು ತಣ್ಣನೆಯ ಅನ್ನವನ್ನು ಕಲಸತೊಡಗಿದರು.

"ಇನ್ನೊಂದ್ರಲ್ಲಿ ಇವಳು ಬರ್ಲಿ" ಎಂದು ಅತ್ತೆ ಸೊಸೆಯ ಕಡೆ ತಿರುಗಿದರು. "ಈ ಮನೇಲಿ ನಾನು ಹೇಳಿದ್ದನ್ನ ಹೇಳಿದ ಹಾಗೇ ನಂಬಿದೋಳು ಇವಳೊಬ್ಬಳೇ."

ಅದು ಹೊಗಳಿಕೆಯೋ ಬೈಗುಳವೋ ಯಾರಿಗೂ ಗೊತ್ತಾಗಲಿಲ್ಲ. ಸೊಸೆಗಂತೂ ಇಂದಿಗೂ ಗೊತ್ತಾಗಿಲ್ಲ. ಅವಳು ನಾದಿನಿಗೆ, ನನ್ನ ಸೀಟಲ್ಲಿ ನೀನು ಹೋಗ್ತೀಯಾ ಎಂದು ಕೇಳಿದಳು. ಬೇಡ ಅತ್ತಿಗೆ ಅಂದಳು ರೇಡಿಯೋ. ಸರಿ ಅಂದಳು ಸೊಸೆ. ರೇಡಿಯೋಳ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಆಮೇಲೆ ಎರಡು ದಿನ ಅವಳು ಅತ್ತಿಗೆಯ ಜೊತೆ ಮಾತಾಡಲಿಲ್ಲ, ಪರೀಕ್ಷೆಗೆ ಮಾತ್ರ ನಿಜವಾಗಿಯೂ ಓದಿದಳು.

ಹದಿನಾಲ್ಕನೆಯ ತಾರೀಖು ಬೆಳಿಗ್ಗೆ ಆರಕ್ಕೆ ಬಸ್ಸು ಹೊರಟಿತು. ಅತ್ತೆ ಕಿಟಕಿಯ ಪಕ್ಕ ಕೂತರು. ಮಡಿಲಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಗ್ರಹಣದ ಎರಡು ಕನ್ನಡಕ. ಎಂಟೂವರೆಯವರೆಗೆ ಎಲ್ಲ ಸರಿಯಾಗಿತ್ತು. ಒಂಬತ್ತಕ್ಕೆ ಬಸ್ಸು ನಿಂತಿತು. ಮುಂದೆ ಕಣ್ಣು ಹಾಯುವವರೆಗೆ ಕಾರು, ಬಸ್ಸು, ಬೈಕು. ಹತ್ತು ಹೆಜ್ಜೆ ಹೋಗುವುದು, ನಿಲ್ಲುವುದು. ಹತ್ತೂವರೆಗೆ ಹಿಂದಿನ ಸೀಟಿನ ಮಗು ಅಳತೊಡಗಿತು. ಹನ್ನೊಂದೂವರೆಗೆ ಅದರ ತಾಯಿ ಅಳತೊಡಗಿದಳು. ಮೊಟ್ಟೆ, ಬ್ರೆಡ್ಡು ಸಾಲಿನ ಎಲ್ಲರಿಗೂ ಹಂಚಿ ಖಾಲಿಯಾಯಿತು. ಹನ್ನೆರಡಕ್ಕೆ ಕಿಟಕಿಯಿಂದ ನೋಡಿದವರು ಸೂರ್ಯನ ಅಂಚು ಕಚ್ಚಿದಂತಾಗಿದೆ ಅಂದರು. ಹನ್ನೆರಡೂ ಮುಕ್ಕಾಲಿಗೆ ಡ್ರೈವರ್ ಇಂಜಿನ್ ನಿಲ್ಲಿಸಿ ಕಾಲು ಚಾಚಿದ. ಸರೋವರ ಇನ್ನೂ ಆರು ಕಿಲೋಮೀಟರ್ ಇತ್ತು.

ಸೊಸೆಗೆ ಅಳು ಬಂತು. ಇಷ್ಟೆಲ್ಲ ಆಗಿ ಕೊನೆಗೆ ಇದೂ ತಪ್ಪಿಹೋಯಿತು, ಅದೂ ತನ್ನ ಕೈಯಿಂದಲೇ ಎಂದುಕೊಂಡಳು. ಓಡಿದರೆ ಅರ್ಧ ಗಂಟೆಯಲ್ಲಿ ಎಷ್ಟು ದೂರ ಹೋಗಬಹುದು ಎಂದು ಕಂಡಕ್ಟರನನ್ನು ಕೇಳಿದಳು. ಅವನು ಅತ್ತೆಯ ವಯಸ್ಸು ನೋಡಿ ನಕ್ಕ.

"ಇಳಿ" ಅಂದರು ಅತ್ತೆ.

"ಇಲ್ಲೇ? ಸರೋವರ ಇನ್ನೂ ದೂರ ಇದೆ ಅತ್ತೆ."

"ಸೂರ್ಯ ಸರೋವರದಲ್ಲಿರಲ್ಲ ಕಣೇ. ಮೇಲಿರ್ತಾನೆ."

ಇಳಿದರು. ರಸ್ತೆಯ ಪಕ್ಕದಲ್ಲಿ ಹೆಂಚು ಮಾರುವವರ ಅಂಗಳವಿತ್ತು, ಸಾಲು ಸಾಲು ಕೆಂಪು ಹೆಂಚಿನ ರಾಶಿ. ಇಬ್ಬರು ಇಳಿದದ್ದನ್ನು ನೋಡಿ ಬಸ್ಸಿನ ಉಳಿದವರು ಇಳಿದರು, ಹಿಂದಿನ ಬಸ್ಸಿನವರೂ ಇಳಿದರು. ಅಂಗಳ ತುಂಬಿತು. ಯಾರಿಗೂ ಏನೂ ಸರಿಯಾಗಿ ಗೊತ್ತಿರಲಿಲ್ಲ. ಕನ್ನಡಕವನ್ನು ಒಮ್ಮೆಯೂ ತೆಗೆಯಬಾರದು ಎಂದು ಒಬ್ಬ, ತೆಗೆಯದಿದ್ದರೆ ಏನೂ ಕಾಣುವುದಿಲ್ಲ ಎಂದು ಇನ್ನೊಬ್ಬ. ಒಬ್ಬಾತ ಎದೆಯ ಎಕ್ಸ್‌ರೇ ಹಾಳೆಯನ್ನು ಕಣ್ಣಿಗೆ ಹಿಡಿಯಹೊರಟ. ಅತ್ತೆ ಅದನ್ನು ಅವನ ಕೈಯಿಂದ ಕಿತ್ತುಕೊಂಡರು.

"ಕಣ್ಣು ಹೋಗುತ್ತೆ. ಇವಳ ಕನ್ನಡಕ ತಗೊಳ್ಳಿ, ಸರದಿ ಮೇಲೆ ನೋಡಿ. ಪೂರ್ತಿ ಮುಚ್ಚಿದ ಮೇಲೆ ಮಾತ್ರ ಬರಿಗಣ್ಣು. ನಾನು ಹೇಳ್ತೀನಿ, ಅಲ್ಲೀತನಕ ಯಾರೂ ತೆಗೀಬೇಡಿ."

ಆ ದನಿಯನ್ನು ಸೊಸೆ ಮನೆಯಲ್ಲಿ ಕೇಳಿರಲಿಲ್ಲ. ಅಂಗಳದಲ್ಲಿದ್ದವರೆಲ್ಲ ಸುಮ್ಮನೆ ಅವರ ಹತ್ತಿರ ಸರಿದರು. ಬೆಳಕು ತೆಳುವಾಯಿತು. ಕೆಂಪು ಹೆಂಚುಗಳು ಬೂದಿ ಬಣ್ಣಕ್ಕೆ ತಿರುಗಿದವು. ಮಧ್ಯಾಹ್ನದ ಗಾಳಿ ತಣ್ಣಗೆ ಬೀಸಿತು. ಹೆದ್ದಾರಿಯ ದೀಪಗಳು ತಮ್ಮಷ್ಟಕ್ಕೆ ಹೊತ್ತಿಕೊಂಡವು. ಅಳುತ್ತಿದ್ದ ಮಗು ಅಳು ನಿಲ್ಲಿಸಿತು. ಅತ್ತೆ ಕನ್ನಡಕದೊಳಗಿಂದ ನೋಡುತ್ತ, ಇನ್ನೂ ಇಲ್ಲ, ಇನ್ನೂ ಇಲ್ಲ ಅನ್ನುತ್ತಿದ್ದರು.

"ಈಗ. ತೆಗೀರಿ."

ನೂರು ಜನ ಒಟ್ಟಿಗೆ ತೆಗೆದರು. ಆಕಾಶದಲ್ಲಿ ಸೂರ್ಯನಿರಲಿಲ್ಲ. ಅವನಿದ್ದ ಜಾಗದಲ್ಲಿ ಒಂದು ಕಪ್ಪು ಬಿಲ್ಲೆ, ಅದರ ಸುತ್ತ ಬಿಚ್ಚಿ ಹರಡಿದ ಬೆಳ್ಳಿ ಕೂದಲಿನಂಥ ಬೆಳಕು, ಪಕ್ಕದಲ್ಲಿ ಒಂದು ನಕ್ಷತ್ರ. ಯಾರೋ ಅಯ್ಯೋ ಅಂದರು, ಯಾರೋ ನಕ್ಕರು, ಡ್ರೈವರ್ ಕೈಮುಗಿದು ನಿಂತಿದ್ದ. ಸೊಸೆ, ಏನು ನೋಡಬೇಕು, ಎಲ್ಲಿ ನೋಡಬೇಕು ಒಂದೂ ತಿಳಿಯದೆ, ಅತ್ತೆಯ ತೋಳು ಹಿಡಿದುಕೊಂಡಳು. ಅತ್ತೆ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಬಿಲ್ಲೆಯ ಅಂಚಿನಲ್ಲಿ ಫಳ್ಳೆಂದು ಒಂದು ಬೆಳಕಿನ ಹನಿ ಹೊಮ್ಮಿತು. ಆಗಲೂ ಅವರು ತಮ್ಮ ಕೆಲಸ ಮರೆಯಲಿಲ್ಲ.

"ಕನ್ನಡಕ ಹಾಕ್ಕೊಳ್ಳಿ ಎಲ್ಲರೂ."

ಬೆಳಕು ಬಂತು. ಜನ ಚಪ್ಪಾಳೆ ತಟ್ಟಿದರು, ಗುರುತಿಲ್ಲದವರ ಕೈ ಕುಲುಕಿದರು. ಎಕ್ಸ್‌ರೇ ಹಾಳೆಯವನು ಹತ್ತಿರ ಬಂದು, ನೀವು ಯಾವ ಸ್ಕೂಲಿನಲ್ಲಿ ಟೀಚರ್ ಆಗಿದ್ದಿರಿ ಎಂದು ಅತ್ತೆಯನ್ನು ಕೇಳಿದ. ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ನಾಲ್ಕು ಹೆಜ್ಜೆ ನಡೆದು ಒಂದು ಹೆಂಚಿನ ರಾಶಿಯ ಮೇಲೆ ಕೂತುಬಿಟ್ಟರು. ತಲೆ ಸುತ್ತಿರಬೇಕು ಎಂದು ಸೊಸೆ ನೀರಿನ ಬಾಟಲಿ ಹಿಡಿದು ಓಡಿದಳು.

"ಅತ್ತೆ, ಆರಾಮಿದೀರಾ? ನೋಡಿದ್ರಲ್ಲ, ಸಮಾಧಾನ ಆಯ್ತಾ?"

ಅತ್ತೆ ಇಲ್ಲ ಎಂದು ತಲೆಯಾಡಿಸಿದರು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಸಾಕಾಗ್ಲಿಲ್ಲ ಕಣೇ ನನಗೆ. ಇನ್ನೂ ಬೇಕಿತ್ತು."

ಸೊಸೆ ಬಾಟಲಿಯನ್ನು ನೆಲಕ್ಕಿಟ್ಟು ಅವರ ಪಕ್ಕ ಹೆಂಚಿನ ಮೇಲೆ ಕೂತಳು. ರಸ್ತೆಯಲ್ಲಿ ಹಾರನ್‌ಗಳು ಶುರುವಾದವು, ಜನ ತಮ್ಮ ತಮ್ಮ ಬಸ್ಸು ಹುಡುಕುತ್ತ ಓಡಾಡಿದರು. ಕಂಡಕ್ಟರ್ ಬಾಗಿಲಲ್ಲಿ ನಿಂತು ಇವರನ್ನು ಕೂಗುತ್ತಿದ್ದ. ಅತ್ತೆ ಏಳಲಿಲ್ಲ, ಸೊಸೆಯೂ ಏಳಿ ಅನ್ನಲಿಲ್ಲ.